ಎರಡನೇ ಮಾನಿಟರ್: ಯಾರಿಗೆ ಬೇಕು, ಯಾರಿಗೆ ಬೇಡ

ಪ್ರಶ್ನೆ: ಮಂಡ್ಯದಲ್ಲಿ ಟ್ಯಾಕ್ಸ್ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಹಾರ್ಡ್‌ವೇರ್‌ನವರು ನನ್ನ ಪಾರ್ಟಿಗಳು. ಆಫೀಸಿನಲ್ಲಿ ನಾಲ್ಕು ಜನ ಕೆಲಸಕ್ಕಿದ್ದಾರೆ. ಎಲ್ಲರಿಗೂ ಎರಡೆರಡು ಮಾನಿಟರ್ ಹಾಕಿಸಿ, ಕೆಲಸ ಒಂದೂವರೆ ಪಟ್ಟಾಗುತ್ತದೆ ಎಂದು ಕಂಪ್ಯೂಟರ್ ಅಂಗಡಿಯವರು ದುಂಬಾಲು ಬಿದ್ದಿದ್ದಾರೆ. ನಿಜವೇ, ಅಥವಾ ದುಡ್ಡು ದಂಡವೇ?
– ಓದುಗರೊಬ್ಬರು, ಸುಭಾಷ್‌ನಗರ, ಮಂಡ್ಯ

ಉತ್ತರ: ಒಂದೂವರೆ ಪಟ್ಟು ಎಂಬ ಲೆಕ್ಕವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಆದರೆ ನಿಮ್ಮಂಥ ಆಫೀಸಿಗೆ ಎರಡನೇ ಮಾನಿಟರ್ ದಂಡವಲ್ಲ. ನಾಲ್ವರಿಗೂ ಬೇಕೇ ಎಂಬುದು ಬೇರೆ ಮಾತು.

ಪ್ರತಿ ತಿಂಗಳ 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ (ಮಾರಿದವರು ಏರಿಸಿದ ಬಿಲ್‌ಗಳ ಪಟ್ಟಿ) ಬರುತ್ತದೆ, 20ರೊಳಗೆ 3ಬಿ (ತಿಂಗಳ ರಿಟರ್ನ್) ಹಾಕಬೇಕು. ಆ ಆರು ದಿನಗಳಲ್ಲಿ ಒಮ್ಮೆ ನಿಮ್ಮ ಸಿಬ್ಬಂದಿಯ ಹಿಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಪಾರ್ಟಿಯ ಖರೀದಿ ರಿಜಿಸ್ಟರ್‌ನಲ್ಲಿ ಬಿಲ್ ನಂಬರ್ ‘147’ ಎಂದಿರುತ್ತದೆ. ಮಾರಿದವರು ಪೋರ್ಟಲ್‌ಗೆ ‘ಬಿ/0147’ ಎಂದು ಏರಿಸಿರುತ್ತಾರೆ. ತಾಳೆ ನೋಡುವ ಸಾಫ್ಟ್‌ವೇರ್ ಇದ್ದರೂ ಇಂಥವು ಒಂದಷ್ಟು ತಾಳೆಯಾಗದೆ ಉಳಿದೇ ಉಳಿಯುತ್ತವೆ. ಅವನ್ನು ಕಣ್ಣಲ್ಲೇ ನೋಡಬೇಕು. ತಾಳೆ ನೋಡುವಾಕೆ ಎಕ್ಸೆಲ್‌ನಲ್ಲಿ ತಾರೀಖು, ತೆರಿಗೆಯ ಮೊತ್ತ ನೋಡಿ, ಬಾಯಲ್ಲಿ ಹೇಳಿಕೊಳ್ಳುತ್ತಾ ಇನ್ನೊಂದು ಕಿಟಕಿಗೆ ಹೋಗಲು ಆಲ್ಟ್-ಟ್ಯಾಬ್ ಒತ್ತುತ್ತಾಳೆ. ಆ ಕಡೆ ಸಾಲು ಹುಡುಕುವಷ್ಟರಲ್ಲಿ ಕೊನೆಯ ಎರಡು ಅಂಕಿ ಮರೆತಿರುತ್ತದೆ. ಮತ್ತೆ ಆಲ್ಟ್-ಟ್ಯಾಬ್. ನಡುವೆ ಪಾರ್ಟಿಯ ಫೋನ್ ಬಂದರೆ ಮೊದಲಿಂದ ಶುರು. ಕೊನೆಗೆ ಬೇಸತ್ತು 2ಬಿಯನ್ನು ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟುಕೊಂಡು, ಪೆನ್ನಿನಲ್ಲಿ ಟಿಕ್ ಹಾಕುತ್ತಾ ಕೂರುತ್ತಾಳೆ. ಆ ಪ್ರಿಂಟೇ ಆಕೆಯ ಎರಡನೇ ಮಾನಿಟರ್!

ಎರಡು ಮಾನಿಟರ್ ಇಟ್ಟರೆ ಕಂಪ್ಯೂಟರೇನೂ ಚುರುಕಾಗುವುದಿಲ್ಲ. ಒಂದು ಕಡೆಯ ಅಂಕಿಯನ್ನು ತಲೆಯಲ್ಲಿ ಹೊತ್ತು ಇನ್ನೊಂದು ಕಡೆಗೆ ಹೋಗುವ ಕೆಲಸ ತಪ್ಪುತ್ತದೆ, ಅಷ್ಟೆ. ಹಾಗಾಗಿ ಎರಡು ದಾಖಲೆಗಳ ನಡುವೆ ಕಣ್ಣು ಓಡಾಡುವ ಕೆಲಸಕ್ಕೆ ಮಾತ್ರ ಇದರ ಲಾಭ: ಬಿಲ್ ನೋಡಿ ಟ್ಯಾಲಿಗೆ ಎಂಟ್ರಿ ಹಾಕುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದು, ನೋಟಿಸ್ ಮುಂದಿಟ್ಟುಕೊಂಡು ಉತ್ತರ ಬರೆಯುವುದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2003ರಲ್ಲಿ ಅಧ್ಯಯನ ಮಾಡಿ, ಹಲವು ಪರದೆಗಳಿದ್ದವರ ಕೆಲಸ ಚೆನ್ನಾಗಾಯಿತು ಎಂದೇ ಹೇಳಿದ್ದರು. ಆದರೆ ಅದಕ್ಕೆ ಮಾನಿಟರ್ ಮಾರುವ ಕಂಪನಿಯ ನೆರವಿತ್ತು, ಕೊಟ್ಟ ಕೆಲಸವೂ ಹಲವು ಕಿಟಕಿ ತೆರೆದು ಮಾಡುವಂಥದ್ದೇ. ಅಂಗಡಿಯವರು ಹೇಳುವ ಶೇಕಡಾವಾರುಗಳನ್ನು ನಾನು ಅಷ್ಟಾಗಿ ಲೆಕ್ಕಕ್ಕಿಟ್ಟುಕೊಳ್ಳದಿರುವುದು ಇದೇ ಕಾರಣಕ್ಕೆ.

ನಿಮ್ಮಲ್ಲಿ ಫೋನ್ ತೆಗೆದುಕೊಳ್ಳುವವರಿಗೆ, ಪಾರ್ಟಿಗಳ ಹತ್ತಿರ ಬಿಲ್ ತರಲು ಹೋಗುವವರಿಗೆ ಎರಡನೆಯದು ಬೇಡ. ಎಂಟ್ರಿ ಮತ್ತು ತಾಳೆ ಕೆಲಸದವರಿಗೆ ಕೊಡಿಸಿ. ಅದಕ್ಕೂ ಮೊದಲು ಅಟ್ಟದ ಮೇಲಿರುವ ಹಳೇ 19 ಇಂಚಿನ ಮಾನಿಟರನ್ನು ಒರೆಸಿ ಒಬ್ಬರಿಗೆ ಜೋಡಿಸಿಕೊಡಿ. ತಿಂಗಳಾದ ಮೇಲೆ ಅದನ್ನು ವಾಪಸ್ ಕೇಳಿ ನೋಡಿ. ಕೊಡಲು ಒಪ್ಪದಿದ್ದರೆ ಹೊಸದು ತನ್ನಿ. 24 ಇಂಚಿನ ಫುಲ್ ಎಚ್‌ಡಿ ಸಾಕು. 10 ಸಾವಿರ ರೂಪಾಯಿಯೊಳಗೇ ಸಿಗುತ್ತದೆ. 27 ಇಂಚಿನಲ್ಲಿ ಅದೇ ಫುಲ್ ಎಚ್‌ಡಿ ತಗೊಂಡರೆ ಅಕ್ಷರ ದೊಡ್ಡದಾಗುತ್ತದೆಯೇ ಹೊರತು ಎಕ್ಸೆಲ್‌ನ ಒಂದು ಸಾಲೂ ಹೆಚ್ಚಿಗೆ ಕಾಣುವುದಿಲ್ಲ. ಮಾನಿಟರ್ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ) ವಿಚಾರ ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಕರೆಂಟ್ ಖರ್ಚಿನ ಚಿಂತೆ ಬಿಡಿ. ಈ ಅಳತೆಯ ಎಲ್‌ಇಡಿ ಮಾನಿಟರ್ ಸುಮಾರು 20 ವ್ಯಾಟ್ ಎಳೆಯುತ್ತದೆ. ದಿನಕ್ಕೆ 8 ಗಂಟೆಯಂತೆ 25 ದಿನ ಉರಿದರೂ ಸೆಸ್ಕ್ ಬಿಲ್‌ನಲ್ಲಿ 4 ಯೂನಿಟ್. ಯುಪಿಎಸ್ ಚಿಕ್ಕದಿದ್ದರೆ ಸಿಪಿಯು ಮತ್ತು ಮುಖ್ಯ ಮಾನಿಟರ್ ಮಾತ್ರ ಅದಕ್ಕೆ ಕೊಡಿ. ಕರೆಂಟ್ ಹೋದಾಗ ಎರಡನೆಯದು ಆರಿದರೂ ಮಾಡಿದ ಕೆಲಸ ಎಲ್ಲೂ ಹೋಗುವುದಿಲ್ಲ.

ಇನ್ನೊಂದು ಮಾತು. ಎಕ್ಸೆಲ್ 2010 ಅಥವಾ ಅದಕ್ಕಿಂತ ಹಳೆಯದಿದ್ದರೆ ಎರಡು ಫೈಲ್‌ಗಳು ಒಂದೇ ಕಿಟಕಿಯೊಳಗೆ ತೆರೆದುಕೊಳ್ಳುತ್ತವೆ, ಒಂದನ್ನು ಆಚೆ ಎಳೆಯಲು ಆಗುವುದಿಲ್ಲ. 2013ರಿಂದ ಈಚೆಗೆ ಆ ತೊಂದರೆಯಿಲ್ಲ. ಎಷ್ಟೋ ಆಫೀಸುಗಳಲ್ಲಿ ಇದು ತಿಳಿಯದೆ ಮಾನಿಟರನ್ನೇ ಬೈಯುತ್ತಾರೆ.

ಪ್ರಶ್ನೆ: ಮನೆಯಲ್ಲೇ ಡಿಟಿಪಿ, ಅನುವಾದ ಮಾಡುತ್ತೇನೆ. ಕಂಪ್ಯೂಟರ್‌ಗೆ ಇನ್ನೊಂದು ಮಾನಿಟರ್ ಜೋಡಿಸಲು ಅಂಗಡಿಯಲ್ಲಿ ಎಚ್‌ಡಿಎಂಐ ಸ್ಪ್ಲಿಟರ್ ಕೊಟ್ಟರು. ಎರಡರಲ್ಲೂ ಒಂದೇ ಚಿತ್ರ ಬರುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಸ್ಪ್ಲಿಟರ್ ವಾಪಸ್ ಮಾಡಿ. ಒಂದೇ ಚಿತ್ರವನ್ನು ಎರಡು ಕಡೆ ತೋರಿಸುವುದೇ ಅದರ ಕೆಲಸ. ಮದುವೆ ಛತ್ರದಲ್ಲಿ ಎರಡು ಟಿವಿ ಇಡುವವರಿಗೆ ಅದು ಸರಿ. ನಿಮಗೆ ಬೇಕಿರುವುದು ಸಿಪಿಯುನಿಂದ ಹೊರಡುವ ಎರಡು ಬೇರೆ ಬೇರೆ ಪೋರ್ಟ್. ಹಿಂಬದಿ ನೋಡಿ, ಎಚ್‌ಡಿಎಂಐ ಜೊತೆಗೆ ನೀಲಿ ಬಣ್ಣದ ವಿಜಿಎ ಅಥವಾ ಡಿಸ್‌ಪ್ಲೇ ಪೋರ್ಟ್ ಸಾಮಾನ್ಯವಾಗಿ ಇರುತ್ತದೆ. ಹಳೇ ಮಾನಿಟರನ್ನು ಅದಕ್ಕೆ ಹಾಕಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಕೇಬಲ್ ಆ ಕಾರ್ಡಿಗೇ ಹೋಗಲಿ. ಆಮೇಲೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ.

ಎಡಕ್ಕಿರುವ ಮಾನಿಟರ್‌ಗೆ ಹೋಗಲು ಮೌಸನ್ನು ಬಲಕ್ಕೆ ಎಳೆಯಬೇಕಾಗಿ ಬಂದರೆ ಗಾಬರಿ ಬೇಡ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1, 2 ಎಂಬ ಎರಡು ಚೌಕಗಳನ್ನು ಮೇಜಿನ ಮೇಲೆ ಹೇಗಿವೆಯೋ ಹಾಗೆ ಎಳೆದಿಡಿ. ಕಿಟಕಿಯನ್ನು ಆಚೆ ದಾಟಿಸಲು ಮೌಸ್ ಕೂಡ ಬೇಡ: ವಿಂಡೋಸ್, ಶಿಫ್ಟ್ ಎರಡನ್ನೂ ಹಿಡಿದು ಬಾಣದ ಕೀ ಒತ್ತಿದರೆ ಸಾಕು.

ನಿಮ್ಮ ಕೆಲಸಕ್ಕೆ ನಾನಾದರೆ ಒಂದು ಮಾನಿಟರನ್ನು ಉದ್ದಕ್ಕೆ ನಿಲ್ಲಿಸುತ್ತಿದ್ದೆ. ತಿರುಗುವ ಸ್ಟ್ಯಾಂಡ್ ಇದ್ದರೆ ತಿರುಗಿಸಿ, ಅದೇ ಸೆಟ್ಟಿಂಗ್ಸ್‌ನಲ್ಲಿ ‘ಪೋರ್ಟ್ರೇಟ್’ ಕೊಡಿ. ಎ4 ಪುಟ ತಲೆಯಿಂದ ಕಾಲಿನವರೆಗೆ ಒಂದೇ ನೋಟಕ್ಕೆ ಸಿಗುತ್ತದೆ. ಮೂಲ ಅಲ್ಲಿ, ಕನ್ನಡ ಇಲ್ಲಿ. ಒತ್ತಕ್ಷರ ತಪ್ಪಿದ್ದು, ಪ್ಯಾರಾ ಬಿಟ್ಟುಹೋದದ್ದು ಪ್ರೂಫ್ ತೆಗೆಯುವ ಮೊದಲೇ ಕಣ್ಣಿಗೆ ಬೀಳುತ್ತದೆ. ಮಾನಿಟರ್‌ನ ಪರದೆ ಐಪಿಎಸ್ ಎಂಬ ಬಗೆಯದಾಗಿದ್ದರೆ ಮಾತ್ರ ಹೀಗೆ ಮಾಡಿ. ಟಿಎನ್ ಎಂಬ ಹಳೆಯ ಬಗೆಯ ಮಾನಿಟರ್ ನಿಲ್ಲಿಸಿದರೆ ಪಕ್ಕದಿಂದ ನೋಡುವಾಗ ಬಣ್ಣ ಕೆಡುತ್ತದೆ.

ಪ್ರಶ್ನೆ: ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಎರಡು ಮಾನಿಟರ್ ಕೊಟ್ಟಾಗಿನಿಂದ ಎಡಗಡೆ ಕತ್ತು ಹಿಡಿದುಕೊಳ್ಳುತ್ತಿದೆ. ಕನ್ನಡಕ ಬೈಫೋಕಲ್. ಮೇಲಾಗಿ, ಎರಡನೆಯದರಲ್ಲಿ ನಾವು ಕ್ರಿಕೆಟ್ ನೋಡುತ್ತೇವೆಂದು ಮ್ಯಾನೇಜರ್‌ಗೆ ಗುಮಾನಿ.
– ಓದುಗರೊಬ್ಬರು, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ನಿಮ್ಮ ಮೂಗು ಕೀಬೋರ್ಡ್‌ನ ಜಿ ಮತ್ತು ಎಚ್ ಕೀಗಳ ನೇರಕ್ಕೆ ಇದೆಯೇ, ಆ ನೇರದಲ್ಲಿ ಮುಂದೆ ಏನಿದೆ ಎಂದು ಮೊದಲು ನೋಡಿ. ದಿನದ ಬಹುಪಾಲು ಒಂದೇ ಮಾನಿಟರ್ ನೋಡುವುದಾದರೆ ಅದು ನೇರ ಎದುರಿಗಿರಬೇಕು, ಇನ್ನೊಂದು ಪಕ್ಕದಲ್ಲಿ ನಿಮ್ಮ ಕಡೆಗೆ ವಾಲಿರಬೇಕು. ಎರಡನ್ನೂ ಸಮಸಮ ಬಳಸುವುದಾದರೆ ಎರಡರ ಅಂಚು ಸೇರುವ ಜಾಗ ಮೂಗಿನ ನೇರಕ್ಕೆ ಬರಲಿ. ನಿಮ್ಮದು ಬಹುಶಃ ಈ ಎರಡೂ ಅಲ್ಲ: ಮುಖ್ಯ ಕೆಲಸವೇ ಎಡಗಡೆಯ ಮಾನಿಟರ್‌ನಲ್ಲಿ ನಡೆಯುತ್ತಿದೆ, ದಿನವಿಡೀ ಕತ್ತು ತಿರುಗಿಸಿಯೇ ಕೂತಿದ್ದೀರಿ.

ದೂರ ಒಂದು ತೋಳಿನಷ್ಟು, ಎರಡರ ಎತ್ತರವೂ ಬೆಳಕೂ ಒಂದೇ. ಮಾನಿಟರ್‌ನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಎನ್ನುತ್ತಾರೆ. ಬೈಫೋಕಲ್‌ನವರಿಗೆ ಅದು ಹೊಂದುವುದಿಲ್ಲ. ಕೆಳಗಿನ ಗಾಜಿನಲ್ಲಿ ನೋಡಲು ಗಲ್ಲ ಎತ್ತಿ ಎತ್ತಿ ಕತ್ತಿನ ಹಿಂಭಾಗ ನೋಯುತ್ತದೆ. ನೀವು ಇನ್ನೂ ಕೆಳಗಿಳಿಸಿ. ಮೇಜಿನ ಅಗಲವನ್ನೂ ಅಳೆಯಿರಿ. 24 ಇಂಚಿನವು ಎರಡು ಪಕ್ಕಪಕ್ಕ ಇಟ್ಟರೆ ಮೂರೂವರೆ ಅಡಿ ಬೇಕು. ಜಾಗ ಸಾಲದೆ ಒಂದನ್ನು ಮೂಲೆಗೆ ತಳ್ಳಿದಲ್ಲಿಂದಲೇ ಎಷ್ಟೋ ಕತ್ತುನೋವು ಶುರುವಾಗುವುದು. ಮೇಜಿಗೆ ಕ್ಲಾಂಪ್ ಮಾಡುವ ಮಾನಿಟರ್ ಆರ್ಮ್ ಕೇಳಿ ಹಾಕಿಸಿಕೊಳ್ಳಿ, ಗಾಜಿನ ಮೇಜಿಗೆ ಮಾತ್ರ ಬೇಡ. ಇಷ್ಟು ಸರಿಮಾಡಿದ ಮೇಲೂ ನೋವು ನಿಲ್ಲದಿದ್ದರೆ, ಕೈಗೆ ಜೋಮು ಇಳಿದರೆ ಡಾಕ್ಟರರಿಗೆ ತೋರಿಸಿ.

ಕ್ರಿಕೆಟ್ ನೋಡುವವರು ಮೊಬೈಲ್‌ನಲ್ಲೇ ನೋಡುತ್ತಾರೆ, ಅದಕ್ಕೆ ಮಾನಿಟರ್ ಯಾಕೆ? ನಿಮ್ಮ ಮ್ಯಾನೇಜರರ ಗುಮಾನಿ ತಪ್ಪು ಜಾಗದಲ್ಲಿದೆ. ಎರಡನೇ ಪರದೆಯಲ್ಲಿ ಸದಾ ತೆರೆದಿಟ್ಟ ವಾಟ್ಸ್ಆ್ಯಪ್ ಮತ್ತು ಇನ್‌ಬಾಕ್ಸ್ ಅದಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತವೆ, ಪ್ರತಿ ಸಂದೇಶಕ್ಕೂ ಕಣ್ಣು ಅತ್ತ ಹೋಗುತ್ತದೆ. ಅಲ್ಲಿ ಕೊಟೇಶನ್ ಇರಲಿ, ಸ್ಟಾಕ್ ಪಟ್ಟಿ ಇರಲಿ. ಸುದೀರ್ಘ ಪತ್ರ ಬರೆಯುವಾಗ ಎರಡನೇ ಪರದೆಯನ್ನು ಆಫ್ ಮಾಡಿಬಿಡಿ. ಮಾನಿಟರ್‌ನ ಗುಂಡಿಯಿಂದ ಆಫ್ ಮಾಡಿದರೆ ಕೆಲವೊಮ್ಮೆ ಕಿಟಕಿಗಳು ಆ ಕತ್ತಲೆಯಲ್ಲೇ ಉಳಿದುಬಿಡುತ್ತವೆ. ಅದರ ಬದಲು ವಿಂಡೋಸ್-ಪಿ ಒತ್ತಿ ‘ಪಿಸಿ ಸ್ಕ್ರೀನ್ ಓನ್ಲಿ’ ಕೊಡಿ, ಎಲ್ಲವೂ ಮುಖ್ಯ ಪರದೆಗೆ ಬರುತ್ತವೆ.