ಬೆಳಿಗ್ಗೆ ಕೊಟ್ಟ ಮೊಬೈಲು ಸಂಜೆ ಕೈಗೆ ಬರಬೇಕು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೊಬೈಲಿನ ದೂರುಗಳೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಹೆಡ್‌ಮೇಡಂ ಆಗಿ ನಿವೃತ್ತಳಾಗಿ, ಈಗ ಸಕಲೇಶಪುರದಲ್ಲಿ ಮಳೆ ನೋಡುತ್ತ ಕೂತಿರುವ ನನಗೆ ಈ ವಿಷಯದಲ್ಲಿ ಅಭಿಪ್ರಾಯಗಳಿಗೇನೂ ಬರವಿಲ್ಲ. ಬರೆದವರ ಹೆಸರು, ಶಾಲೆಯ ಹೆಸರು ಬಿಟ್ಟಿದ್ದೇನೆ.

ನಮ್ಮದು ಕೆಂಚಮ್ಮನ ಹೊಸಕೋಟೆ ಕಡೆ. ಮಗಳು ಒಂಬತ್ತನೇ ಕ್ಲಾಸು. ಸಂಜೆ ಬಸ್ಸಿಳಿದು ಕಾಫಿ ತೋಟದ ನಡುವೆ ನಡೆದು ಬರಬೇಕು, ಆನೆ ಓಡಾಟ ಇದೆ. ಅದಕ್ಕೇ ನನ್ನ ಮೊಬೈಲು ಕೊಟ್ಟು ಕಳಿಸುತ್ತಿದ್ದೆ. ಕ್ಲಾಸಿನಲ್ಲಿ ರಿಂಗಾಯಿತು ಅಂತ ಹೆಡ್‌ಮಾಸ್ಟರು ಕಿತ್ತುಕೊಂಡು, ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆ ಅಂದಿದ್ದಾರೆ. ಹೀಗೆ ಇಟ್ಟುಕೊಳ್ಳಬಹುದಾ ಮೇಡಂ?
– ಒಬ್ಬ ತಾಯಿ, ಆಲೂರು ತಾಲ್ಲೂಕು

ಸಂಜೆ ತನಕ ಇಟ್ಟುಕೊಳ್ಳಲಿ. ನಿಮ್ಮನ್ನು ಕರೆಸಿ ನಿಮ್ಮ ಕೈಗೇ ಕೊಡುತ್ತೇನೆ ಅನ್ನಲಿ, ಅದೂ ಸರಿ. ಪರೀಕ್ಷೆ ಮುಗಿಯುವ ತನಕ ಅಂದರೆ ಏನರ್ಥ? ಸೆಟ್ಟು ನಿಮ್ಮದು, ಸಿಮ್ಮು ನಿಮ್ಮ ಹೆಸರಿನದು. ಬ್ಯಾಂಕಿನ ಒಟಿಪಿ, ಗೃಹಲಕ್ಷ್ಮಿ ದುಡ್ಡು ಬಿದ್ದ ಮೆಸೇಜು, ಗ್ಯಾಸ್ ಬುಕಿಂಗು ಎಲ್ಲ ಅದಕ್ಕೇ ಬರುವುದು. ಮಗಳಿಗೆ ಶಿಕ್ಷೆ ಕೊಡಲು ಹೋಗಿ ಮನೆಮಂದಿಗೆಲ್ಲ ಕೊಟ್ಟಂತಾಯಿತು.

ನಾಳೆಯೇ ಹೋಗಿ ಬನ್ನಿ, ಜಗಳ ಬೇಡ. ಒಂದು ಹಾಳೆಯಲ್ಲಿ ಬರೆದುಕೊಡಿ: ಬಸ್ಸು ಎಲ್ಲಿ, ಎಷ್ಟು ಹೊತ್ತಿಗೆ ಇಳಿಸುತ್ತದೆ, ಅಲ್ಲಿಂದ ಎಷ್ಟು ದೂರ ನಡೆಯಬೇಕು, ಮೊಬೈಲು ಯಾಕೆ ಬೇಕು, ಶಾಲೆಯ ಗೇಟಿನೊಳಗೆ ಅದು ಆಫ್ ಆಗಿರುತ್ತದೆ. ಇನ್ನೊಂದು ಪ್ರತಿಗೆ ಶಾಲೆಯ ಸೀಲು ಹಾಕಿಸಿಕೊಳ್ಳಿ. ಇದು ಮುಖ್ಯ. ಬಾಯಲ್ಲಿ ಹೂಂ ಅಂದವರು ಮುಂದಿನ ವರ್ಷ ವರ್ಗವಾಗಿ ಅರಸೀಕೆರೆಯಲ್ಲಿರುತ್ತಾರೆ. ಕೊಡಲೇ ಇಲ್ಲ ಅಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ.

ಹೆಡ್‌ಮಾಸ್ಟರು ‘ಮೊಬೈಲಿಗೆ ಪೂರ್ತಿ ನಿಷೇಧ’ ಅಂದರೆ ಅವರಿಗೊಂದು ಸುದ್ದಿ ತಿಳಿಸಿ. 2025ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಪೂರ್ತಿ ನಿಷೇಧ ಒಳ್ಳೆಯದೂ ಅಲ್ಲ, ನಡೆಯುವಂಥದೂ ಅಲ್ಲ ಎಂದಿತು ಕೋರ್ಟು. ಮಕ್ಕಳು ತರಲಿ, ಸಾಧ್ಯವಿದ್ದಲ್ಲಿ ಬಂದ ಕೂಡಲೇ ಒಪ್ಪಿಸಿ ಹೋಗುವಾಗ ಪಡೆಯಲಿ. ಕ್ಲಾಸಿನಲ್ಲಿ ಬಳಕೆ ಬೇಡ. ಸುರಕ್ಷತೆಗೆ ಬೇಕಾದ ಸಂಪರ್ಕಕ್ಕೆ ಅವಕಾಶವಿರಲಿ. ತಪ್ಪಿದವರ ಮೊಬೈಲನ್ನು ವಶಕ್ಕೆ ತೆಗೆದುಕೊಳ್ಳಬಹುದು. ನಿಯಮವನ್ನು ತಂದೆತಾಯಿ, ಶಿಕ್ಷಕರ ಜೊತೆ ಕೂತು ಮಾಡಿ ಎಂದಿತು. ದೆಹಲಿಯ ಆದೇಶ ನಮ್ಮೂರ ಶಾಲೆಯನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೆ ಒಬ್ಬ ನ್ಯಾಯಾಧೀಶರು ಕೂತು ಯೋಚಿಸಿದ್ದನ್ನು ನಾವು ಪುಕ್ಕಟೆ ಬಳಸಿಕೊಳ್ಳಬಹುದಲ್ಲ.

ಇನ್ನು ನಿಮಗೊಂದು ಮಾತು, ಬೇಜಾರಾಗಬೇಡಿ. ಆನೆ ಯಾವ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಯ ಮೆಸೇಜು ಬರುವ ಸೀಮೆ ನಮ್ಮದು. ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಎಸ್ಸೆಮ್ಮೆಸ್ಸಿಗೆ ಟಚ್ ಸ್ಕ್ರೀನು ಬೇಡ, ‘ಅಪ್ಪಾ ಬಸ್ಸಿಳಿದೆ, ಬಾ’ ಅನ್ನುವುದಕ್ಕೂ ಬೇಡ. ಕೀಪ್ಯಾಡ್ ಸೆಟ್ಟು ಸಾಕು, ಚಾರ್ಜೂ ನಿಲ್ಲುತ್ತದೆ. ಅದಕ್ಕೊಂದು ಬೇರೆ ಸಿಮ್ಮು ಹಾಕಿಸಿ, ನಿಮ್ಮದು ನಿಮ್ಮ ಹತ್ತಿರವೇ ಇರಲಿ. ಸ್ಮಾರ್ಟ್‌ಫೋನ್ ಕೊಟ್ಟರೆ ಕಿವಿಗೆ ಇಯರ್‌ಫೋನೂ ಬರುತ್ತದೆ. ಹಾಡು ಕೇಳುತ್ತ ನಡೆಯುವ ಹುಡುಗಿಗೆ ಪಕ್ಕದ ತೋಟದಲ್ಲಿ ಬೈನೆ ಮರ ಮುರಿಯುವ ಸದ್ದು ಕೇಳಿಸುವುದಿಲ್ಲ ಕಣಮ್ಮ.

ಈ ಪುಟ ಓದುವ ಹೆಡ್‌ಮಾಸ್ಟರುಗಳಿಗೆ: ನಮ್ಮ ಶಾಲೆಯಲ್ಲಿ ಹಳೇ ಲೈಬ್ರರಿ ಬೀರುವಿಗೆ ಹಲಗೆ ಹೊಡೆಸಿ ಸಣ್ಣ ಗೂಡು ಮಾಡಿಸಿದ್ದೆವು. ಪ್ರಾರ್ಥನೆಗೆ ಮುಂಚೆ ಆಫ್ ಮಾಡಿ, ಹೆಸರು ಬರೆದ ಬಟ್ಟೆ ಚೀಲದಲ್ಲಿ ಹಾಕಿ ಕೊಡುವುದು, ರಿಜಿಸ್ಟರಿನಲ್ಲಿ ಸಹಿ. ಸಂಜೆ ಬೆಲ್ಲಿಗೆ ಮುಂಚೆಯೇ ದೂರದ ಬಸ್ಸಿನವರಿಗೆ ವಾಪಸು, ಉಳಿದವರಿಗೆ ಆಮೇಲೆ. ಬೀಗದ ಕೈ ಎರಡು, ಒಂದು ನನ್ನ ಹತ್ತಿರ, ಇನ್ನೊಂದು ಡ್ರಿಲ್ ಮಾಸ್ಟರ ಹತ್ತಿರ. ಗುಮಾಸ್ತರ ಕೈಗೆ ಕೊಡಬೇಡಿ, ಅವರು ಖಜಾನೆಗೆ ಹೋದ ದಿನವೇ ಮಕ್ಕಳಿಗೆ ಕೊನೇ ಬಸ್ಸು ತಪ್ಪುತ್ತದೆ. ಹುಡುಗರು ಸತ್ತ ಮೊಬೈಲೊಂದನ್ನು ಒಪ್ಪಿಸಿ ಜೀವ ಇರುವುದನ್ನು ಕಾಲುಚೀಲದಲ್ಲಿ ಇಟ್ಟುಕೊಳ್ಳುತ್ತಾರೆ, ಗೊತ್ತಿರಲಿ. ತೆಗೆದುಕೊಳ್ಳುವಾಗ ಒಮ್ಮೆ ಆನ್ ಮಾಡಿಸಿ ನೋಡಿ. ಶಾಲೆಗೆ ಲ್ಯಾಂಡ್‌ಲೈನ್ ಇಲ್ಲದಿದ್ದರೆ ಮನೆಯವರು ಕರೆ ಮಾಡಲು ನಿಮ್ಮ ನಂಬರೇ ದಿಕ್ಕು. ಅದನ್ನು ಮಾತ್ರ ಆಫ್ ಮಾಡಬೇಡಿ.

ನಾನು ಎಸ್ಸೆಸ್ಸೆಲ್ಸಿ. ನಮ್ಮ ಸರ್ ಪಾಠದ ಮಧ್ಯೆ ವಾಟ್ಸಾಪ್ ನೋಡ್ತಾರೆ, ಕ್ಲಾಸಲ್ಲೇ ಕಾಲ್ ಎತ್ತುತ್ತಾರೆ. ನಮಗೆ ಮಾತ್ರ ರೂಲ್ಸ್. ಫಾರಿನ್‌ನಲ್ಲಿ ಸ್ಟೂಡೆಂಟ್ಸ್ ಆರಾಮಾಗಿ ತಗೊಂಡು ಹೋಗ್ತಾರಂತೆ. ಇದು ನ್ಯಾಯಾನಾ?
– ಬೇಲೂರಿನ ವಿದ್ಯಾರ್ಥಿ

ಅರ್ಧ ನ್ಯಾಯ ನಿನ್ನ ಕಡೆ ಇದೆ ಕಣಪ್ಪ, ಇನ್ನರ್ಧ ಯಾರೋ ಕಿವಿಗೆ ಹೂವಿಟ್ಟಿದ್ದು. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿ ಹದಿನೈದರ ಆಸುಪಾಸಿನ ತನಕದ ಮಕ್ಕಳು ಶಾಲೆಯಲ್ಲಿ ಮೊಬೈಲು ಬಳಸದಂತೆ ತಡೆಯಿತು. ನೆದರ್ಲೆಂಡ್ಸ್ 2024ರ ಜನವರಿಯಿಂದ ಹೈಸ್ಕೂಲಿನ ಕ್ಲಾಸುಗಳಿಂದ ಹೊರಗಿಟ್ಟಿತು. ‘ಫಾರಿನ್’ ಅಂತ ಹೇಳಿದ ಗೆಳೆಯನಿಗೆ ಇದನ್ನು ತೋರಿಸು.

ಸರ್ ವಿಷಯಕ್ಕೆ ಬಂದರೆ, ಪಾಠದ ನಡುವೆ ವಾಟ್ಸಾಪ್ ನೋಡುವುದಕ್ಕೆ ನನ್ನಲ್ಲಿ ಯಾವ ಸಮರ್ಥನೆಯೂ ಇಲ್ಲ. ಮಧ್ಯಾಹ್ನದೊಳಗೆ ಇಲಾಖೆಗೆ ಮಾಹಿತಿ ಕಳಿಸಬೇಕು, ಹಾಜರಾತಿ ಆ್ಯಪ್‌ಗೆ ಹಾಕಬೇಕು, ಬಿಸಿಯೂಟದ ಲೆಕ್ಕ ಕೊಡಬೇಕು, ಇವೆಲ್ಲ ಅವರ ಸ್ವಂತ ಮೊಬೈಲಿನಲ್ಲೇ ನಡೆಯುತ್ತವೆ, ನಿಜ. ಅದನ್ನು ಸ್ಟಾಫ್ ರೂಮಿನಲ್ಲಿ ಮಾಡಲಿ. ನಮ್ಮಲ್ಲಿ ಕ್ಲಾಸಿಗೆ ಹೋಗುವ ಮೇಷ್ಟ್ರುಗಳ ಮೊಬೈಲೂ ನನ್ನ ಮೇಜಿನ ಮೇಲೇ ಇರುತ್ತಿತ್ತು. ಮೊದಮೊದಲು ಮುಖ ಊದಿಸಿಕೊಂಡರು, ಆಮೇಲೆ ಅವರಿಗೇ ಹಾಯೆನಿಸಿತು ಅಂತ ಕಾಣುತ್ತದೆ. ನೀನೊಬ್ಬನೇ ಎದ್ದು ನಿಂತು ಕೇಳಬೇಡ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿದೆ. ಕ್ಲಾಸ್ ಲೀಡರ್ ಕೈಲಿ ಹೆಡ್‌ಮಾಸ್ಟರಿಗೆ ಒಂದು ಚೀಟಿ ಕೊಡಿಸು, ಸಹಿ ಎಲ್ಲರದ್ದೂ ಇರಲಿ.

ಶಾಲೆಗೆ ಮೊಬೈಲು ತರಬೇಡಿ ಅನ್ನುತ್ತಾರೆ. ಆದರೆ ಹೋಂವರ್ಕು, ನೋಟ್ಸು ಎಲ್ಲ ರಾತ್ರಿ ಎಂಟರ ಮೇಲೆ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ನನ್ನ ಮೊಬೈಲು ಮಗನ ಕೈಗೆ ಹೋದರೆ ಹತ್ತೂವರೆಗೂ ವಾಪಸು ಬರುವುದಿಲ್ಲ.
– ಹಾಸನದ ತಂದೆ

ಇದನ್ನು ಕಲಿಸಿದವರು ನಾವೇ. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂತು, ವಠಾರಗಳಲ್ಲಿ ‘ವಿದ್ಯಾಗಮ’ ನಡೆಯಿತು. ಆದರೂ ಮನೆಮನೆಗೆ ‘ಮೊಬೈಲು ಕೊಡಿಸಿ’ ಅಂತ ಹೇಳಿದ್ದು ಮೇಷ್ಟ್ರುಗಳೇ. ಮಲೆನಾಡಿನ ಮಕ್ಕಳು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿ ಕೊಡೆ ಹಿಡಿದು ಕೂತರು. ಕೊರೊನಾ ಹೋಯಿತು, ಗ್ರೂಪು ಉಳಿಯಿತು. ಹಳ್ಳಿ ಮಕ್ಕಳ ಓದಿನ ಬಗ್ಗೆ ನಡೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ 14ರಿಂದ 16 ವಯಸ್ಸಿನ ಮಕ್ಕಳ ಪೈಕಿ ಹಿಂದಿನ ವಾರ ಓದಿಗೆ ಸ್ಮಾರ್ಟ್‌ಫೋನ್ ಬಳಸಿದ್ದೇವೆ ಅಂದವರು ಶೇ. 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76. ನಿಮ್ಮ ಮಗ ಹತ್ತೂವರೆ ತನಕ ಏನು ಮಾಡುತ್ತಾನೆ ಎಂಬುದಕ್ಕೆ ಇಷ್ಟು ಸಾಕು.

ಮುಂದಿನ ಪೋಷಕರ ಸಭೆಯಲ್ಲಿ ಒಂದೇ ಬೇಡಿಕೆ ಇಡಿ: ಹೋಂವರ್ಕು ಬೋರ್ಡಿನ ಮೇಲೆ ಬರೆಯಲಿ, ಮಕ್ಕಳು ಡೈರಿಯಲ್ಲಿ ಬರೆದುಕೊಂಡು ಬರಲಿ. ಗ್ರೂಪು ರಜೆಯ ಸುದ್ದಿಗೆ, ಮಳೆಯ ಸುದ್ದಿಗೆ ಇರಲಿ. ಜುಲೈನಲ್ಲಿ ಡಿಸಿ ರಜೆ ಘೋಷಿಸುವ ದಿನ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ.

ಕ್ಲಾಸಿನ ಹುಡುಗನೊಬ್ಬ ನನ್ನ ತಂಗಿ ಮಗಳ ವಿಡಿಯೊ ಕದ್ದು ತೆಗೆದು ಕೆಟ್ಟ ಹಾಡು ಸೇರಿಸಿ ಇನ್‌ಸ್ಟಾಗ್ರಾಂಗೆ ಹಾಕಿದ್ದಾನೆ. ಶಾಲೆಯವರು ‘ಹೆಸರು ಕೆಡುತ್ತದೆ, ಮಾತಾಡಿ ಮುಗಿಸೋಣ’ ಅನ್ನುತ್ತಾರೆ. ಹುಡುಗಿ ಶಾಲೆಗೆ ಹೋಗುತ್ತಿಲ್ಲ.
– ಮೂಡಿಗೆರೆ

ಮಾತಾಡಿ ಮುಗಿಸುವ ವಿಷಯ ಅಲ್ಲ ಇದು. ಖಾತೆಯ ಹೆಸರು, ಲಿಂಕು, ದಿನಾಂಕ ಬರೆದಿಡಿ. ವಿಡಿಯೊವನ್ನು ‘ನೋಡಿ ಏನು ಮಾಡಿದ್ದಾರೆ’ ಅಂತ ಸಂಬಂಧಿಕರಿಗೆ ಕಳಿಸಬೇಡಿ, ಕೋಪದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಇನ್‌ಸ್ಟಾಗ್ರಾಂನಲ್ಲೇ ರಿಪೋರ್ಟ್ ಮಾಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ದೂರು ತೆಗೆದುಕೊಳ್ಳುವ ಚಿಕ್ಕಮಗಳೂರಿನ ಸಿಇಎನ್ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಮಕ್ಕಳ ಸಹಾಯವಾಣಿ 1098 ಇದೆ. ವಿಡಿಯೊ ಲೈಂಗಿಕ ಸ್ವರೂಪದ್ದಾಗಿದ್ದರೆ ಪೋಕ್ಸೊ ಕಾಯ್ದೆ ಬರುತ್ತದೆ. ಆಗ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ, ಸಂಸ್ಥೆಯ ಮುಖ್ಯಸ್ಥರಿಗೂ ಜೈಲಾಗಬಹುದು. ಇದನ್ನು ಆ ಹೆಡ್‌ಮಾಸ್ಟರಿಗೆ ಮೆಲ್ಲಗೇ ಹೇಳಿ, ಕೇಳಿಸುತ್ತದೆ.

ಮನೆಯಲ್ಲಿ ಯಾರೂ ಹುಡುಗಿಯನ್ನು ‘ನೀನ್ಯಾಕೆ ಅಲ್ಲಿ ನಿಂತಿದ್ದೆ’ ಅಂತ ಕೇಳಬಾರದು. ಅವಳ ಗೆಳತಿಯರಲ್ಲಿ ಇಬ್ಬರನ್ನು ಮನೆಗೆ ಕರೆಸಿ, ಸೋಮವಾರ ಜೊತೆಯಲ್ಲೇ ಹೋಗಲಿ. ವರ್ಗಾವಣೆ ಪತ್ರ ತೆಗೆದುಕೊಂಡು ಬೇರೆ ಶಾಲೆಗೆ ಹೋಗುವುದಾದರೆ ಅದು ಅವಳೇ ಬಯಸಿದರೆ ಮಾತ್ರ.

ಮಗನಿಗೆ ಟೈಪ್ 1 ಮಧುಮೇಹ. ತೋಳಿಗೆ ಸೆನ್ಸರ್ ಹಾಕಿದ್ದೇವೆ, ಸಕ್ಕರೆ ಇಳಿದರೆ ಮೊಬೈಲು ಕೂಗುತ್ತದೆ. ಶಾಲೆಯ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ.
– ಚಿಕ್ಕಮಗಳೂರು

ಜಾಗ ಮಾಡಿಸಬೇಕು. ಆ ಸೆನ್ಸರು ಬ್ಲೂಟೂತಿನಲ್ಲಿ ಮಾತಾಡುವಂಥದು, ಮೊಬೈಲು ಕೆಲವೇ ಮೀಟರಿನೊಳಗೆ ಇರಬೇಕು. ಆಫೀಸ್ ರೂಮಿನ ಬೀರುವಿನಲ್ಲಿಟ್ಟರೆ ಎಷ್ಟು ಕೂಗಿದರೇನು? ವೈದ್ಯರಿಂದ ಪತ್ರ ಬರೆಸಿ. ಮೊಬೈಲು ಕ್ಲಾಸಿನಲ್ಲಿರುವ ಟೀಚರ ಮೇಜಿನ ಮೇಲಿರಲಿ, ಆಟದ ಪೀರಿಯಡ್ಡಿನಲ್ಲಿ ಡ್ರಿಲ್ ಮಾಸ್ಟರ ಹತ್ತಿರ. ಕೂಗಿದರೆ ಗ್ಲೂಕೋಸು ಎಲ್ಲಿದೆ, ಎಷ್ಟು ಕೊಡಬೇಕು ಅನ್ನುವುದು ಕ್ಲಾಸಿಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಬದಲಿಗೆ ಬರುವ ಅತಿಥಿ ಶಿಕ್ಷಕರಿಗೂ. ಸಾಮಾನ್ಯವಾಗಿ ಮರೆತುಹೋಗುವುದು ಅವರನ್ನೇ.

ಸಿಕ್ಕಿಬಿದ್ದವರ ಮೊಬೈಲನ್ನು ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಒಡೆದುಹಾಕಿದರೆ ಬುದ್ಧಿ ಬರುತ್ತದೆ ಅನ್ನುತ್ತಾರೆ ನಮ್ಮ ಸಮಿತಿಯವರು. ತಾವೇನಂತೀರಿ?
– ಎಸ್‌ಡಿಎಂಸಿ ಸದಸ್ಯರೊಬ್ಬರು, ಅರಕಲಗೂಡು

ಬೇಡ ಸ್ವಾಮಿ. ಒಡೆಯುವುದು ಅಪ್ಪ ಕಂತು ಕಟ್ಟಿ ತಂದದ್ದನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದರ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಒಡೆಯುವುದನ್ನು ಇನ್ನೊಬ್ಬ ಹುಡುಗ ವಿಡಿಯೊ ಮಾಡುತ್ತಾನೆ, ಅದೂ ನೆನಪಿರಲಿ. ಸಮಿತಿಗೆ ಹುಮ್ಮಸ್ಸಿದ್ದರೆ ಬೀರುವಿಗೆ ಹಲಗೆ ಹೊಡೆಸಿಕೊಡಿ.

ಮೊಬೈಲು ಬೇಡ ಅಂದ್ರು, ಸ್ಮಾರ್ಟ್ ವಾಚ್ ಹಾಕಬಹುದಾ ಮೇಡಂ?
– ಎಂಟನೇ ಕ್ಲಾಸು, ಚನ್ನರಾಯಪಟ್ಟಣ

ಸಿಮ್ ಹಾಕುವಂಥದ್ದಾದರೆ ಅದೂ ಚೀಲಕ್ಕೆ ಹೋಗಲಿ. ಮೆಸೇಜು ತೋರಿಸುವಂಥದ್ದಾದರೂ ಚೀಲಕ್ಕೇ. ಗಂಟೆ ಮಾತ್ರ ತೋರಿಸುವುದಾದರೆ ಧಾರಾಳವಾಗಿ ಹಾಕಿಕೋ ಮಗಾ, ಮುಳ್ಳಿನ ಗಡಿಯಾರ ನೋಡುವುದಕ್ಕೆ ಬರುತ್ತದೆ ತಾನೇ?