ಟೆರೇಸ್ ಕುಂಬಳದ ಹೀಚು ಯಾಕೆ ಉದುರ್ತಾವೆ?

ಪ್ರಶ್ನೆ: ಮೇಡಂ, 20 ಲೀಟರ್ ಪೇಂಟ್ ಬಕೆಟಲ್ಲಿ ಸಿಹಿಗುಂಬಳ ಹಾಕೀನಿ, ಬಳ್ಳಿ ಟೆರೇಸ್ ತುಂಬಾ ಹಬ್ಬೇತಿ, ಹೂ ಬೇಕಾದಷ್ಟು, ಆದ್ರೆ ಹೀಚು ಗೋಲಿ ಗಾತ್ರ ಆಗೋದ್ರೊಳಗೆ ಹಳದಿಯಾಗಿ ಉದುರ್ತಾವೆ. ಗೊಬ್ಬರ ಸಾಲ್ದಾ?
– ಓದುಗರು, ದಾವಣಗೆರೆ

ಉತ್ತರ: ಗೊಬ್ಬರ ಅಲ್ಲ ರೀ, ಟೆರೇಸಿಗೆ ಜೇನುಹುಳ ಬರ್ತಿಲ್ಲ ಅನ್ಸುತ್ತೆ, ಅದಕ್ಕೇ ಗಂಡು ಹೂವಿನ ಹಳದಿ ಪುಡಿ (ಪರಾಗ) ಹೆಣ್ಣು ಹೂವಿಗೆ ಸೇರದೆ ಹೀಚು ಉದುರ್ತಾವೆ. ಆ ಕೆಲಸ ನೀವೇ ಮಾಡ್ಬೇಕು. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇದ್ರೆ ಹೆಣ್ಣು, ಬರೀ ಉದ್ದ ತೊಟ್ಟಿದ್ರೆ ಗಂಡು. ಬೆಳಿಗ್ಗೆ ಹೂ ಅರಳಿದ ತಕ್ಷಣ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಆ ಹಳದಿ ಪುಡಿನ ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರಿ. ಮಧ್ಯಾಹ್ನಕ್ಕೆ ಹೂ ಮುದುಡಿರುತ್ತೆ, ಕೆಲಸ ಆಗಲ್ಲ. ಬಕೆಟ್ಟೂ ಸಣ್ಣದಾಯ್ತು, ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, ಅಷ್ಟು ಮಣ್ಣು ಬೇಗ ಒಣಗುತ್ತೆ, ಮುಂದಿನ ಸಲ ಅರ್ಧ ಡ್ರಮ್ ಹುಡುಕಿ, ತಳಕ್ಕೆ ತೂತು ಹಾಕ್ಸಿ. ಯೂರಿಯಾ ಮಾತ್ರ ಸುರೀಬೇಡಿ, ಬರೀ ಎಲೆ ಬರುತ್ತೆ.