ಸ್ಪಿರಿಚುವಲ್ ಜಾಝ್: ರೆಕಾರ್ಡು ಕೊಳ್ಳುವ ಮುಂಚೆ ಕವರಿನ ಹಿಂಬದಿ ಓದಿ

ಜಾಝ್ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇವೇ ಐದಾರು ಪ್ರಶ್ನೆಗಳು. ಹೆಚ್ಚಿನವು ಸ್ಪಿರಿಚುವಲ್ ಜಾಝ್ ಬಗ್ಗೆ, ಅಂದರೆ ಭಕ್ತಿ, ಅಧ್ಯಾತ್ಮದ ಭಾವದಲ್ಲಿ ನುಡಿಸಿದ ಜಾಝ್ ಬಗ್ಗೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಈ ಸಲ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತೇನೆ. ಜಾನ್ ಕೋಲ್ಟ್ರೇನ್ ಯಾರು, ಜಾಝ್ ಅಂದರೇನು ಅಂತೆಲ್ಲ ಶುರುವಿನಿಂದ ಹೇಳುತ್ತಾ ಕೂರುವುದಿಲ್ಲ. ಅದು ಗೊತ್ತಿಲ್ಲದವರು ಈ ಪ್ರಶ್ನೆಗಳನ್ನು ಕೇಳುವುದೂ ಇಲ್ಲ.

ಪ್ರಶ್ನೆ: ಸ್ಪಿರಿಚುವಲ್ ಜಾಝ್ ಕೇಳಿದರೆ ಚಕ್ರಗಳು ಜಾಗೃತವಾಗುತ್ತವಂತೆ. ರೂಢಿಯ 440 ಹರ್ಟ್ಸ್ ಬದಲು 432 ಹರ್ಟ್ಸ್‌ಗೆ ಶ್ರುತಿ ಮಾಡಿದ್ದು ಇನ್ನೂ ಒಳ್ಳೆಯದಂತೆ. ನಿಜವೇ?

ಇಲ್ಲ. ಯಾರೋ ಮನೆಯಲ್ಲಿ ಕೂತು ಸಾಫ್ಟ್‌ವೇರಿನಲ್ಲಿ ಹಾಡನ್ನು ಒಂದು ಸ್ವರಸ್ಥಾನದ ಮೂರನೇ ಒಂದು ಭಾಗದಷ್ಟು ಕೆಳಗಿಳಿಸಿ, ಮೇಲೊಂದು ಕಮಲದ ಚಿತ್ರ ಹಾಕಿರುತ್ತಾರೆ. ಅಷ್ಟೇ. ಹಾಗೆ ಮಾಡಿದವರಿಗೆ ಜಾಹೀರಾತಿನ ದುಡ್ಡು ಬರುತ್ತದೆ, ನುಡಿಸಿದವರ ಹೆಸರೂ ಅಲ್ಲಿರುವುದಿಲ್ಲ. ವಾದಕರ ಹೆಸರಿಲ್ಲದ ಯಾವ ವಿಡಿಯೋವನ್ನೂ ನನಗೆ ಕಳಿಸಬೇಡಿ, ದಯವಿಟ್ಟು.

ಪ್ರಶ್ನೆ: ಇದು ಕಪ್ಪು ಅಮೆರಿಕನ್ನರ ಸಂಗೀತ. ಮತ್ತೆ ಯಾವಾಗ ನೋಡಿದರೂ ಯುರೋಪಿನ ಲೇಬಲ್ಲುಗಳ (ರೆಕಾರ್ಡು ಕಂಪನಿಗಳ) ಹೆಸರೇ ಯಾಕೆ ಬರುತ್ತದೆ? ಆನ್‌ಲೈನಿನಲ್ಲಿ 'ಮೇಡ್ ಇನ್ ಇಯು' (ಯುರೋಪಿಯನ್ ಒಕ್ಕೂಟದಲ್ಲಿ ತಯಾರಾದದ್ದು) ಅಂತಿರುವ ಎಲ್‌ಪಿ ರೆಕಾರ್ಡುಗಳು ಕಡಿಮೆ ಬೆಲೆಗೆ ಸಿಗುತ್ತಿವೆ, ತಗೊಳ್ಳಬಹುದಾ?

ಎರಡು ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಕೇಳಿದ್ದೀರಿ, ಒಳ್ಳೆಯದೇ ಆಯಿತು. ಎರಡಕ್ಕೂ ಸಂಬಂಧ ಇದೆ.

ಮೊದಲು ಅಮೆರಿಕದ ಕಥೆ. 1964ರ ಡಿಸೆಂಬರಿನಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 'ಎ ಲವ್ ಸುಪ್ರೀಮ್' ರೆಕಾರ್ಡ್ ಮಾಡಿದರು, ಮರುವರ್ಷ ಇಂಪಲ್ಸ್ ಕಂಪನಿ ಅದನ್ನು ಹೊರತಂದಿತು. 1967ರ ಜುಲೈನಲ್ಲಿ ಅವರು ತೀರಿಕೊಂಡರು. ಆಮೇಲೆ ಅವರ ತಂಡದ ಸ್ಯಾಕ್ಸೋಫೋನ್ ವಾದಕ ಫೇರೋ ಸ್ಯಾಂಡರ್ಸ್, ಹೆಂಡತಿ ಆಲಿಸ್ ಕೋಲ್ಟ್ರೇನ್ ಅದೇ ಕಂಪನಿಯಲ್ಲಿ ಕೆಲವು ವರ್ಷ ಮುಂದುವರಿದರು. ಆದರೆ ದೊಡ್ಡ ಕಂಪನಿಗಳ ದುಡ್ಡೆಲ್ಲ ರಾಕ್ ಸಂಗೀತದ ಕಡೆ ಹರಿಯುತ್ತಿದ್ದ ಕಾಲ ಅದು. ಹೊಸ ಹುಡುಗರಿಗೆ ಬಾಗಿಲು ಮುಚ್ಚಿತ್ತು. ಹಾಗಾಗಿ ವಾದಕರೇ ಕಂಪನಿ ಕಟ್ಟಿಕೊಂಡರು. 1971ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಟಾಲಿವರ್ ಮತ್ತು ಸ್ಟ್ಯಾನ್ಲಿ ಕೊವೆಲ್ ಸ್ಟ್ರಾಟಾ-ಈಸ್ಟ್ ಶುರು ಮಾಡಿದರು. ಅಲ್ಲಿ ವಾದಕ ತನ್ನ ಖರ್ಚಿನಲ್ಲಿ ಟೇಪು ಸಿದ್ಧ ಮಾಡಿ ತರುತ್ತಿದ್ದ, ಕಂಪನಿ ಅಚ್ಚು ಹಾಕಿಸಿ ಮಾರುತ್ತಿತ್ತು, ಟೇಪಿನ ಹಕ್ಕು ಮಾತ್ರ ವಾದಕನದ್ದೇ. ಡೆಟ್ರಾಯಿಟ್‌ನಲ್ಲಿ ಟ್ರೈಬ್, ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಜಾಝ್, ಎಲ್ಲವೂ ಅದೇ ಹೊತ್ತಿನವು. ಅಚ್ಚು ಹಾಕಿಸಿದ್ದೇ ಕಡಿಮೆ, ಅಂಗಡಿಗಳಿಗೆ ತಲುಪಿದ್ದು ಇನ್ನೂ ಕಡಿಮೆ. ಇವತ್ತು ಆ ಎಲ್‌ಪಿಗಳು ದುಬಾರಿಯಾಗಲು ಕಾರಣ ಇದು, ಯಾವ ಪವಾಡವೂ ಅಲ್ಲ.

ಈಗ ಯುರೋಪು. 'ಯುರೋಪು ಜಾಝನ್ನು ಉಳಿಸಿತು' ಅಂತ ಒಂದೇ ಮಾತಿನಲ್ಲಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಉಳಿಸಿದವರೂ ಇದ್ದರು, ದುಡ್ಡು ಮಾಡಿಕೊಂಡವರೂ ಇದ್ದರು, ಎರಡನ್ನೂ ಒಟ್ಟಿಗೆ ಮಾಡಿದವರೂ ಇದ್ದರು.

ಪ್ಯಾರಿಸ್ಸಿನ ಬಿವೈಜಿ ಆಕ್ಚುಯೆಲ್ ಲೇಬಲ್ಲನ್ನೇ ತಗೊಳ್ಳಿ. 1969ರ ಜುಲೈನಲ್ಲಿ ಅಲ್ಜೀರಿಯಾದ ಆಲ್ಜಿಯರ್ಸ್‌ನಲ್ಲಿ ಪ್ಯಾನ್-ಆಫ್ರಿಕನ್ ಉತ್ಸವ ನಡೆಯಿತು. ಸ್ಯಾಕ್ಸೋಫೋನ್ ವಾದಕ ಆರ್ಚಿ ಶೆಪ್ ಥರದವರು ಅಲ್ಲಿ ನುಡಿಸಿ ಸೀದಾ ಪ್ಯಾರಿಸ್ಸಿಗೆ ಬಂದರು, ಇನ್ನು ಕೆಲವರು ಮೊದಲೇ ಅಲ್ಲಿದ್ದರು. ಆಗಸ್ಟಿನಲ್ಲಿ ಸ್ಟುಡಿಯೋದಲ್ಲಿ ಒಂದರ ಹಿಂದೆ ಒಂದು ರೆಕಾರ್ಡಿಂಗು. ಕಹಳೆ ವಾದಕ ಡಾನ್ ಚೆರ್ರಿ ಮತ್ತು ಡ್ರಮ್ ನುಡಿಸುವ ಎಡ್ ಬ್ಲ್ಯಾಕ್‌ವೆಲ್ ಇಬ್ಬರೇ ಕೂತು ಮಾಡಿದ 'ಮು' ಎಂಬ ಎರಡು ಭಾಗದ ರೆಕಾರ್ಡು ಆ ತಿಂಗಳಿನದ್ದು. ಅಂಥದ್ದನ್ನು ಆಗ ನ್ಯೂಯಾರ್ಕಿನಲ್ಲಿ ಯಾವ ದೊಡ್ಡ ಕಂಪನಿ ಹೊರತರುತ್ತಿತ್ತು? ಆದರೆ ರಾಯಲ್ಟಿ ಸರಿಯಾಗಿ ಬರಲಿಲ್ಲ ಎಂದು ಆ ಸಾಲಿನ ಹಲವು ವಾದಕರು ವರ್ಷಗಟ್ಟಲೆ ದೂರಿದ್ದಾರೆ. ಸಂಗೀತ ಉಳಿಯಿತು, ನುಡಿಸಿದವರ ಜೇಬು ಖಾಲಿ ಉಳಿಯಿತು. ಆಕ್ಚುಯೆಲ್ ಹೆಸರು ಕೇಳಿದ ತಕ್ಷಣ ಕೈಮುಗಿಯುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಲಿ.

ಜರ್ಮನಿಯ ಕಪ್ಪುಕಾಡಿನ ಫಿಲ್ಲಿಂಗನ್ ಊರಿನದು ಬೇರೆ ಕಥೆ. ಅಲ್ಲಿ ರೇಡಿಯೋ, ಟಿವಿ ತಯಾರಿಸುವ ಸಾಬಾ ಎಂಬ ಕಾರ್ಖಾನೆ ಇತ್ತು. ಮಾಲೀಕರ ಮನೆತನದ ಹಾನ್ಸ್ ಗೇಯೊರ್ಗ್ ಬ್ರುನ್ನರ್-ಶ್ವೇರ್‌ಗೆ ಧ್ವನಿಮುದ್ರಣದ ಹುಚ್ಚು, ಮನೆಯಲ್ಲೇ ಸ್ಟುಡಿಯೋ. ಅವರ ಲೇಬಲ್ಲು ಮೊದಲು ಸಾಬಾ, 1968ರಿಂದ ಎಂಪಿಎಸ್. ವಿಮರ್ಶಕ ಜೊಯಾಕಿಮ್ ಬೇರೆಂಟ್ ಅಲ್ಲಿ ಬೇರೆ ಬೇರೆ ದೇಶದ ಸಂಗೀತದ ಜೊತೆ ಜಾಝನ್ನು ಕೂಡಿಸುವ ಒಂದು ಮಾಲಿಕೆ ಮಾಡಿದರು. ಅದರಲ್ಲೇ 'ಜಾಝ್ ಮೀಟ್ಸ್ ಇಂಡಿಯಾ' ಬಂದದ್ದು. ಒಂದು ಕಡೆ ಸಿತಾರ್ ನುಡಿಸುತ್ತಾ ಹಾಡುವ ದಿವಾನ್ ಮೋತಿಹಾರ್, ತಬಲಾದಲ್ಲಿ ಕೇಶವ ಸಾಠೆ. ಇನ್ನೊಂದು ಕಡೆ ಸ್ವಿಟ್ಜರ್ಲೆಂಡಿನ ಪಿಯಾನೋ ವಾದಕಿ ಇರೇನ್ ಶ್ವೈಟ್ಸರ್ ತಂಡ. ನನ್ನ ಕಿವಿಗೆ ಅದು ಪೂರ್ತಿ ಕೂಡಿ ಬಂದಿಲ್ಲ, ಎರಡು ತಂಡಗಳು ಒಂದರ ಪಕ್ಕ ಒಂದು ಕೂತಂತಿದೆ. ಆದರೆ ಧ್ವನಿಮುದ್ರಣ ಮಾತ್ರ ಅಚ್ಚುಕಟ್ಟು. ಅದೇ ಬೇರೆಂಟ್ 1968ರಲ್ಲಿ ಬರ್ಲಿನ್ನಿಗೆ ಡಾನ್ ಚೆರ್ರಿಯನ್ನು ಕರೆಸಿ 'ಎಟರ್ನಲ್ ರಿದಮ್' ಮಾಡಿಸಿದರಲ್ಲ, ಅದು ನಿಜವಾಗಿ ಕೂಡಿ ಬಂದದ್ದು.

ಚೆರ್ರಿ ಆಮೇಲೆ ಹೆಂಡತಿ ಮೋಕಿ ಜೊತೆ ದಕ್ಷಿಣ ಸ್ವೀಡನ್ನಿನ ಒಂದು ಹಳೇ ಶಾಲೆ ಕಟ್ಟಡದಲ್ಲಿ ಮನೆ ಹೂಡಿದರು. ಅವರ 'ಆರ್ಗ್ಯಾನಿಕ್ ಮ್ಯೂಸಿಕ್ ಸೊಸೈಟಿ' 1973ರಲ್ಲಿ ಬಂದದ್ದು ಕಪ್ರೀಸ್ ಎಂಬ ಸ್ವೀಡನ್ನಿನ ಲೇಬಲ್ಲಿನಿಂದ. ಅದರ ಹಿಂದೆ ಇದ್ದದ್ದು ಸರ್ಕಾರದ ದುಡ್ಡು. ತೆರಿಗೆ ಹಣದಲ್ಲಿ ಇಂಥ ಸಂಗೀತ! ಇಲ್ಲಿ ಹಾಗೆ ಆಗುತ್ತಿತ್ತಾ ಅಂತ ಕೇಳಬೇಡಿ, ಉತ್ತರ ನಿಮಗೇ ಗೊತ್ತು.

ಎಂಬತ್ತರ ದಶಕಕ್ಕೆ ಬಂದರೆ ಇನ್ನೊಂದು ತಿರುವು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಈ ಸಂಗೀತವನ್ನು ಲಂಡನ್ನಿನಲ್ಲಿ ಮತ್ತೆ ಎಬ್ಬಿಸಿದ್ದು ಧ್ಯಾನ ಮಾಡುವವರಲ್ಲ, ಕುಣಿಯುವವರು. ಕ್ಯಾಮ್ಡನ್ನಿನ ಡಿಂಗ್‌ವಾಲ್ಸ್ ಕ್ಲಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಜೈಲ್ಸ್ ಪೀಟರ್ಸನ್ ಮತ್ತು ಪ್ಯಾಟ್ರಿಕ್ ಫೋರ್ಜ್ ರೆಕಾರ್ಡು ಹಾಕುತ್ತಿದ್ದರು. ಫೇರೋ ಸ್ಯಾಂಡರ್ಸ್ ಅವರ 'ಯೂವ್ ಗಾಟ್ ಟು ಹ್ಯಾವ್ ಫ್ರೀಡಮ್' ಲಂಡನ್ನಿನ ಕುಣಿತದ ಕಟ್ಟೆಗಳಲ್ಲಿ ಮೆಚ್ಚಿನ ಹಾಡಾಗಿತ್ತು. ಅಲ್ಲಿಂದ ಹಳೇ ರೆಕಾರ್ಡುಗಳ ಬೇಟೆ ಶುರುವಾಯಿತು. 1995ರಲ್ಲಿ ಸೋಲ್ ಜಾಝ್ ಲೇಬಲ್ಲು 'ಯೂನಿವರ್ಸಲ್ ಸೌಂಡ್ಸ್ ಆಫ್ ಅಮೆರಿಕ' ಸಂಕಲನ ತಂದಿತು. 2008ರಲ್ಲಿ ಲಂಡನ್ನಿನ ಜಾಝ್‌ಮನ್ 'ಸ್ಪಿರಿಚುವಲ್ ಜಾಝ್' ಎಂಬ ಹೆಸರಿಟ್ಟೇ ಒಂದು ಸಂಕಲನ ಹೊರಡಿಸಿತು. ಆಮೇಲೆ ಯುರೋಪು, ಇಸ್ಲಾಂ, ಜಪಾನ್ ಎಂದು ಸಂಪುಟದ ಮೇಲೆ ಸಂಪುಟ. ಈಗ ನೀವು ಅಂಗಡಿಯಲ್ಲಿ ನೋಡುವ 'ಸ್ಪಿರಿಚುವಲ್ ಜಾಝ್' ಎಂಬ ವಿಭಾಗ ಇದೆಯಲ್ಲ, ಅದು ಇಷ್ಟು ಗಟ್ಟಿಯಾಗಿ ನಿಂತದ್ದರಲ್ಲಿ ಈ ಸಂಕಲನಗಳ ಪಾಲು ದೊಡ್ಡದು. ಅದೇ 2008ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಹಳೆ ವಾದಕ ಮ್ಯಾಥ್ಯೂ ಹಾಲ್ಸಾಲ್ ಗೊಂಡ್ವಾನಾ ಲೇಬಲ್ಲು ಶುರು ಮಾಡಿದರು. ಅವರು ಹಳೆಯದನ್ನು ಮತ್ತೆ ಅಚ್ಚು ಹಾಕುವವರಲ್ಲ, ಆಲಿಸ್ ಕೋಲ್ಟ್ರೇನ್ ಕೇಳಿ ಬೆಳೆದು ಹೊಸದು ನುಡಿಸುವವರು.

ಇನ್ನು ನಿಮ್ಮ 'ಮೇಡ್ ಇನ್ ಇಯು' ಎಲ್‌ಪಿ. ಅದನ್ನು ನೋಡಿ ಒಳ್ಳೆ ಲೇಬಲ್ಲು ಅಂದುಕೊಳ್ಳುವುದು, ಬಸ್ಸಿನ ಮೇಲೆ ಬರೆದ ದೇವರ ಹೆಸರು ನೋಡಿ ಬ್ರೇಕು ಗಟ್ಟಿಯಾಗಿದೆ ಅಂದುಕೊಂಡ ಹಾಗೆ. ಅಚ್ಚಾದದ್ದು ಎಲ್ಲಿ ಎಂದಷ್ಟೇ ಅದು ಹೇಳುತ್ತದೆ, ಹಕ್ಕು ಯಾರದ್ದು ಎಂದಲ್ಲ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು. 2011ರಲ್ಲಿ ನಿಯಮ ಬದಲಾಯಿಸಿ 70 ವರ್ಷ ಮಾಡಿದರು, ಅದು ಜಾರಿಗೆ ಬಂದದ್ದು 2013ರಲ್ಲಿ. ಆದರೆ ಅಷ್ಟರಲ್ಲಿ ಅವಧಿ ಮುಗಿದಿದ್ದವಕ್ಕೆ ಹಕ್ಕು ವಾಪಸ್ ಬರಲಿಲ್ಲ. ಲೆಕ್ಕ ಹಾಕಿದರೆ 1963ಕ್ಕೆ ಮುಂಚೆ ಬಂದ ರೆಕಾರ್ಡುಗಳನ್ನು ಅಲ್ಲಿ ಮೂಲ ಕಂಪನಿಯನ್ನು ಕೇಳದೆ ಯಾರು ಬೇಕಾದರೂ ಅಚ್ಚು ಹಾಕಬಹುದು. ರಚನೆಕಾರರ ಹಕ್ಕು ಬೇರೆ, ಅದಕ್ಕೆ ದುಡ್ಡು ಕಟ್ಟಲೇಬೇಕು. ಹಾಗಾಗಿ ಕೋಲ್ಟ್ರೇನ್ ಅವರ 'ಜೈಂಟ್ ಸ್ಟೆಪ್ಸ್', 'ಮೈ ಫೇವರಿಟ್ ಥಿಂಗ್ಸ್' ಇವೆಲ್ಲ ಹತ್ತಾರು ಅಗ್ಗದ ಯುರೋಪಿಯನ್ ಲೇಬಲ್ಲುಗಳಲ್ಲಿ ಸಿಗುತ್ತವೆ. ಅಲ್ಲಿ ಕಾನೂನಿನ ತೊಂದರೆ ಇಲ್ಲ. ಆದರೆ ಮೂಲ ಟೇಪು ಆ ಲೇಬಲ್ಲುಗಳ ಕೈಯಲ್ಲಿರುವುದಿಲ್ಲ. ಎಷ್ಟೋ ಸಲ ಯಾವುದೋ ಸಿಡಿಯಿಂದಲೋ ಹಳೇ ಎಲ್‌ಪಿಯಿಂದಲೋ ನಕಲು ಮಾಡಿರುತ್ತಾರೆ. ಸಿಡಿಯನ್ನು ಎಲ್‌ಪಿ ಬೆಲೆಗೆ ಕೊಂಡ ಹಾಗಾಯಿತು.

ಸ್ಪಿರಿಚುವಲ್ ಜಾಝ್ ಎಂದು ನೀವು ಹುಡುಕುವುದು ಮುಖ್ಯವಾಗಿ 1965ರಿಂದ ಈಚಿನದು ಅಲ್ವಾ? 'ಎ ಲವ್ ಸುಪ್ರೀಮ್', ಸ್ಯಾಂಡರ್ಸ್ ಅವರ 1969ರ 'ಕರ್ಮ', ಸ್ಟ್ರಾಟಾ-ಈಸ್ಟ್‌ನದ್ದು ಎಲ್ಲವೂ ಇನ್ನೂ ಹಕ್ಕಿನ ಒಳಗಿವೆ. ಅವುಗಳ ಅಗ್ಗದ, ಊರು ಹೆಸರಿಲ್ಲದ ಪ್ರತಿ ಸಿಕ್ಕಿದರೆ ಅದು ಕಳ್ಳ ಮಾಲು. ಅದರಿಂದ ನುಡಿಸಿದವರಿಗಾಗಲಿ ಅವರ ಮಕ್ಕಳಿಗಾಗಲಿ ಒಂದು ಪೈಸೆಯೂ ಹೋಗುವುದಿಲ್ಲ. ಸ್ಟ್ರಾಟಾ-ಈಸ್ಟ್‌ನಲ್ಲಿ ಟೇಪು ವಾದಕನದ್ದೇ ಎಂದೆನಲ್ಲ, ಅಲ್ಲಿ ಕದ್ದರೆ ಸೀದಾ ಅವನ ಜೇಬಿಗೇ ಕೈ ಹಾಕಿದ ಲೆಕ್ಕ.

ಕೊಳ್ಳುವ ಮುಂಚೆ ಕವರಿನ ಹಿಂಬದಿ ಓದಿ. ಯಾರಿಂದ ಲೈಸೆನ್ಸ್ ಪಡೆದದ್ದು ಎಂದು ಸಣ್ಣ ಅಕ್ಷರದಲ್ಲಿ ಇರಬೇಕು. ಇಲ್ಲದಿದ್ದರೆ ಅನುಮಾನ ಪಡಿ. ರೆಕಾರ್ಡುಗಳ ಪಟ್ಟಿ ಇಟ್ಟಿರುವ ಡಿಸ್ಕಾಗ್ಸ್ ತಾಣದಲ್ಲಿ ಅದೇ ಪ್ರತಿಯನ್ನು ಹುಡುಕಿ, 'ಅನ್‌ಅಫಿಶಿಯಲ್' ಎಂದಿದ್ದರೆ ಮುಟ್ಟಬೇಡಿ, ಅಂಥದ್ದನ್ನು ಅಲ್ಲಿ ಮಾರಲೂ ಬಿಡುವುದಿಲ್ಲ. ಅಂಗಡಿಯವರನ್ನು 'ಟೇಪು ಎಲ್ಲಿಂದ ಬಂತು' ಅಂತ ಕೇಳಿ. ಉತ್ತರ ಗೊತ್ತಿಲ್ಲದೆ 'ಆಡಿಯೋಫೈಲ್, 180 ಗ್ರಾಂ' ಅಂತ ಶುರು ಮಾಡಿದರೆ ನಮಸ್ಕಾರ ಹೇಳಿ ಹೊರಡಿ. ತೂಕ ಜಾಸ್ತಿ ಇದ್ದ ಮಾತ್ರಕ್ಕೆ ನಾದ ಚೆನ್ನಾಗಿರುವುದಿಲ್ಲ. ಹೊರದೇಶದಿಂದ ತರಿಸುವುದಾದರೆ ಸಾಗಣೆ, ಸುಂಕ ಎಲ್ಲ ಮೊದಲೇ ಕೂಡಿ ನೋಡಿ, ಒಮ್ಮೊಮ್ಮೆ ಅವೇ ರೆಕಾರ್ಡಿನ ಬೆಲೆ ದಾಟುತ್ತವೆ. ನಾನಂತೂ ಈಗೀಗ ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಲೇಬಲ್ಲಿನ ಪುಟದಿಂದ ಡಿಜಿಟಲ್ ಪ್ರತಿ ಕೊಂಡು ಸುಮ್ನಿದ್ದುಬಿಡುತ್ತೇನೆ.

ಪ್ರಶ್ನೆ: ಆಲಿಸ್ ಕೋಲ್ಟ್ರೇನ್ ಅವರ 'ಜರ್ನಿ ಇನ್ ಸಚ್ಚಿದಾನಂದ' ಯಾವ ರಾಗದಲ್ಲಿದೆ? ಇದೆಲ್ಲ ನಮ್ಮ ಸಂಗೀತವೇ ಅಲ್ಲವೇ?

ಯಾವ ರಾಗದಲ್ಲೂ ಇಲ್ಲ. ತಂಬೂರಿ ಕೇಳಿಸಿದ ಕೂಡಲೇ ರಾಗ ಹುಡುಕುವ ಚಟ ಬಿಡಿ. ಸೆಸಿಲ್ ಮೆಕ್‌ಬೀ ಅವರ ಬಾಸ್ ಒಂದೇ ಎಳೆಯನ್ನು ಮತ್ತೆ ಮತ್ತೆ ನುಡಿಸುತ್ತದೆ, ಅದರ ಮೇಲೆ ಹಾರ್ಪ್ ಮತ್ತು ಸ್ಯಾಂಡರ್ಸ್ ಅವರ ಸ್ಯಾಕ್ಸೋಫೋನ್. ತಂಬೂರಿ ಶ್ರುತಿ ಹಿಡಿದಿದೆ, ಅಷ್ಟೇ. ಹೆಸರು ಸ್ವಾಮಿ ಸಚ್ಚಿದಾನಂದರದ್ದು, 1969ರಲ್ಲಿ ವುಡ್‌ಸ್ಟಾಕ್ ಉತ್ಸವದ ಶುರುವಿನಲ್ಲಿ ಮಾತಾಡಿದವರು. ಆಲಿಸ್ ಅವರ ಭಕ್ತಿ ನಿಜವಾದದ್ದು. ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ ಭಜನೆ ಹಾಡಿಸಿದರು. ಆದರೆ ಆ ಭಜನೆಗಳನ್ನು ಕೇಳಿ ನೋಡಿ, ಡೆಟ್ರಾಯಿಟ್‌ನ ಚರ್ಚುಗಳಲ್ಲಿ ಹುಡುಗಿಯಾಗಿದ್ದಾಗ ನುಡಿಸಿದ ಆರ್ಗನ್ ಅಲ್ಲಿ ಹಾಗೇ ಇದೆ. ಇತ್ತ ಸ್ಯಾಕ್ಸೋಫೋನ್ ವಾದಕ ಯೂಸುಫ್ ಲತೀಫ್ ಅಹ್ಮದೀಯ ಮುಸ್ಲಿಂ. ಜಾನ್ ಕೋಲ್ಟ್ರೇನ್ ಪಾದ್ರಿಯ ಮೊಮ್ಮಗ. ಎಲ್ಲವನ್ನೂ 'ನಮ್ಮದು' ಅಂತ ಬಾಚಿಕೊಂಡರೆ ಅವರ ಪಾಲಿಗೆ ಏನು ಉಳಿಯುತ್ತದೆ? ಅಂದ ಹಾಗೆ, ಸ್ಯಾಂಡರ್ಸ್ ಅವರ 1977ರ ಒಂದು ರೆಕಾರ್ಡು ತಂದ ಲೇಬಲ್ಲಿನ ಹೆಸರು 'ಇಂಡಿಯಾ ನ್ಯಾವಿಗೇಷನ್'. ಅದು ನ್ಯೂಯಾರ್ಕಿನದು. ಅದರ ಬಗ್ಗೆಯೂ ಪತ್ರ ಬರೆಯಬೇಡಿ.

ಪ್ರಶ್ನೆ: ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ಇದೆ. ಇದನ್ನು ಬೆಂಗಳೂರಿನವರೇ ಕೇಳುವುದು ನೋಡಿದರೆ ಬೇಜಾರು. ಮ್ಯೂನಿಕ್ಕಿನ ಇಸಿಎಂ ಲೇಬಲ್ಲು 1983ರಲ್ಲಿ 'ಜ್ಯೋತಿ' ಎಂಬ ರೆಕಾರ್ಡು ತಂದಿತು. ನುಡಿಸಿದವರು ಬಾಸ್ಟನ್ನಿನಲ್ಲಿ ಹುಟ್ಟಿ, ನಾಗಸ್ವರವನ್ನೂ ಕಲಿತ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಮತ್ತು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ. ಅದಕ್ಕೂ ಮುಂಚೆ ಜರ್ಮನಿಯ ಎಂಬ್ರಿಯೋ ತಂಡವೂ ಇವರ ಜೊತೆ ನುಡಿಸಿತ್ತು. 'ಜ್ಯೋತಿ'ಯನ್ನು ನಾನು ಸ್ಪಿರಿಚುವಲ್ ಜಾಝ್ ಎಂದು ಕರೆಯುವುದಿಲ್ಲ. ಆ ಹಣೆಪಟ್ಟಿ ಇಲ್ಲಿ ಬೇಕಾಗಿಯೂ ಇಲ್ಲ. 'ಜಾಝ್ ಮೀಟ್ಸ್ ಇಂಡಿಯಾ'ದಲ್ಲಿ ಕೂಡದೆ ಉಳಿದದ್ದು ಇಲ್ಲಿ ಕೂಡಿದೆ, ಯಾಕೆಂದರೆ ಮರಿಯಾನೋ ತಾಳ ಕಲಿತು ಬಂದಿದ್ದರು, ನೋಡೋಣ ಏನಾಗುತ್ತೆ ಅಂತ ಬಂದವರಲ್ಲ. ರಮಾಮಣಿ ಅವರ ಸ್ವರಗಳ ಹಿಂದೆ ಸ್ಯಾಕ್ಸೋಫೋನ್ ಎಷ್ಟು ತಗ್ಗಿ ನಡೆಯುತ್ತದೆ ಕೇಳಿ.

ಪ್ರಶ್ನೆ: ಮೊದಲ ಅಚ್ಚಿನ ಎಲ್‌ಪಿಗಳನ್ನು ಹೂಡಿಕೆಯಾಗಿ ಕೊಳ್ಳಬಹುದೇ?

ಚಿನ್ನ ಕೊಳ್ಳಿ, ನನ್ನನ್ನು ಬಿಟ್ಟುಬಿಡಿ.

ಪ್ರಶ್ನೆ: ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರ್ ಇದೆ. ಹೊಸ ಎಲ್‌ಪಿ ಹಾಕಬಹುದಾ?

ಹಾಕಬೇಡಿ. ಅವುಗಳಲ್ಲಿ ಬಹುಪಾಲಿಗೆ ಮುಳ್ಳಿನ ಭಾರ ಸರಿಪಡಿಸಲು ದಾರಿಯೇ ಇರುವುದಿಲ್ಲ, ಗೀರಿನ ಮೇಲೆ ಜಾಸ್ತಿ ಒತ್ತಿ ನುಡಿಸುತ್ತವೆ. ಒಳ್ಳೆ ಪ್ಲೇಯರ್ ತಗೊಳ್ಳುವ ತನಕ ಫೋನಿನಲ್ಲೇ ಕೇಳಿ, ಆದರೆ ಒಂದು ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದಿಲ್ಲ, ಈ ಸಂಗೀತ ನಿಂತಿರುವುದೇ ಬಾಸ್ ಮೇಲೆ.